ನೂರು ಮೀಟರಿನ ಆಚೆ

ಜೂನ್ 12, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರಗಳು ಸೊಟ್ಟಗಾಗುತ್ತಿವೆ.

ಕೊನೆಯ ಪಿರಿಯಡ್ ಖಾಲಿ ಇತ್ತು. ಕ್ಲಾಸಿನಲ್ಲಿ ಸುಮ್ಮನೆ ಕೂರಲಾರದೆ ಮೈದಾನದ ಕಡೆ ಹೋದೆ. ಅಕ್ಕಿಆಲೂರಿನ ನಮ್ಮ ಪಿಯು ಕಾಲೇಜೂ ಹೈಸ್ಕೂಲೂ ಒಂದೇ ಕಂಪೌಂಡಿನಲ್ಲಿವೆ. ನೀರಿನ ಟಾಕಿಯ ಹಿಂದೆ ಹೈಸ್ಕೂಲಿನ ಹುಡುಗರು ಗುಂಪು ಕಟ್ಟಿ ಕುಂತಿದ್ದರು. ಒಂದೇ ಸಿಗರೇಟು ಕೈಯಿಂದ ಕೈಗೆ ದಾಟುತ್ತಿತ್ತು. ಅವರಲ್ಲೊಬ್ಬನ ಧ್ವನಿ ಇನ್ನೂ ಒಡೆದಿಲ್ಲ. ನನ್ನನ್ನು ಕಂಡ ಕೂಡಲೇ ಎದ್ದು ಓಡುತ್ತಾರೆ ಅಂದುಕೊಂಡಿದ್ದೆ. ಯಾರೂ ಕದಲಲಿಲ್ಲ. ಹತ್ತನೇ ಕ್ಲಾಸಿನ ಉದ್ದ ಕಾಲಿನ ಹುಡುಗನೊಬ್ಬ ಸಿಗರೇಟನ್ನು ನನ್ನ ಕಡೆಗೇ ಚಾಚಿದ.

"ಬಾ ಅಕ್ಕಾ, ಒಂದು ಝುರಕಿ ಎಳಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರತಿವರ್ಷ ಭಾಷಣಕ್ಕೆ ಬಹುಮಾನ ಹೊಡೆಯುವ ನೀಲಾಂಬಿಕಾ, ಅಂದರೆ ನಾನು, ಹೈಸ್ಕೂಲು ಹುಡುಗರ ಮುಂದೆ ಬಾಯಿ ಮುಚ್ಚಿಕೊಂಡು ತಿರುಗಿ ಬಂದೆ. ಇದೇ ಮುಳ್ಳಿನ ಹಾಗೆ ಚುಚ್ಚುತ್ತಿದೆ.

ನೇರ ನಸೀರಾಳ ಹತ್ತಿರ ಹೋದೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವಳು, ನನ್ನ ಮುಖ ನೋಡಿದರೇ ಸಾಕು ಅವಳಿಗೆ. "ಈಗ ಏನ ಮಾಡಬೇಕಂತಿ?" ಎಂದಳು. ಏನಾದರೂ ಮಾಡಬೇಕು, ಇವತ್ತೇ ಮಾಡಬೇಕು ಅಂದೆ. ಸುಶೀಂದ್ರನನ್ನೂ ಕರೆದೆವು. ಅವನು ವಕೀಲರ ಮಗ, ಕಾನೂನು ಪುಸ್ತಕದ ಭಾಷೆಯಲ್ಲೇ ಮಾತಾಡುತ್ತಾನೆ, ಆದರೆ ಕೆಲಸಕ್ಕೆ ಬರುತ್ತಾನೆ. ಗೇಟಿನ ಹತ್ತಿರ ನಿಂತಲ್ಲೇ ತಂಡ ಕಟ್ಟಿದೆವು. ಹೆಸರು "ತಿಳಿಗಾಳಿ". ನಾನೇ ಇಟ್ಟೆ.

ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಹಸಿವೇ ಇಲ್ಲ.

ಜೂನ್ 20, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬೀದಿ ನಾಟಕ! ಹಾನಗಲ್ಲಿನ ಬಸ್ಸು ತಡವಾಗಿದ್ದು ನಮ್ಮ ಅದೃಷ್ಟ, ಜನಕ್ಕೆ ಬೇರೆ ಕೆಲಸ ಇರಲಿಲ್ಲ. ಸುಶೀಂದ್ರ ಯಮನಾದ, ನಸೀರಾ ಕೆಮ್ಮುವ ಮುದುಕನಾದಳು. ನಾನು ಕೊನೆಯಲ್ಲಿ ಭಾಷಣ ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕನ್ನಡ ಉಪನ್ಯಾಸಕಿ ವೇದಾ ಮೇಡಂ ಪೂರ್ತಿ ನಿಂತು ನೋಡಿದರು. "ಛಲೋ ಮಾತಾಡಿದಿ ನೀಲಾ. ಸೆಪ್ಟೆಂಬರಿನ್ಯಾಗ ಸವಣೂರಾಗ ಯುವಜನ ಮೇಳ ಐತಿ. ಒಳ್ಳೆ ತಂಡಗಳಿಗೆ ಸನ್ಮಾನ ಮಾಡ್ತಾರ. ನಿಮ್ಮ ಹೆಸರು ಕಳಸ್ತೇನಿ" ಎಂದರು.

ಅಂದಿನಿಂದ ತಲೆಯಲ್ಲಿ ಸವಣೂರೇ ಸುತ್ತುತ್ತಿದೆ. ಅಂದಿನಿಂದ ಅಂದರೆ ಮಧ್ಯಾಹ್ನದಿಂದ.

ಒಂದೇ ಬೇಸರ. ನನ್ನ ಭಾಷಣದ ನಡುವೆ ಹಿಂದೆ ಯಾರೋ ಒಬ್ಬರು "ಈಕಿ ಕಿರಾಣಿ ನಾಗಪ್ಪನ ಮಗಳಲ್ಲೇನೋ?" ಎಂದರು. ಇನ್ನೊಬ್ಬರು ಕಿಸಕ್ಕನೆ ನಕ್ಕರು. ನಗುವಂಥದ್ದೇನಿತ್ತೋ ಗೊತ್ತಾಗಲಿಲ್ಲ. ಅಪ್ಪನ ಅಂಗಡಿಯನ್ನು ಊರೆಲ್ಲ ಬಲ್ಲದು.

ಮುಂದಿನ ವಾರ ತಡಸ, ಆಮೇಲೆ ಶಿಗ್ಗಾಂವಿ. ಪುಸ್ತಕ ತೆರೆದರೆ ಅಕ್ಷರ ನಿಲ್ಲುತ್ತಿಲ್ಲ.

ಜುಲೈ 4, ಶುಕ್ರವಾರ

ಬರೀ ನಾಟಕದಿಂದ ಏನೂ ಆಗುವುದಿಲ್ಲ. ತಡಸದಲ್ಲಿ ಒಬ್ಬ ಬೀಡಿ ಸೇದುತ್ತಲೇ ನಮ್ಮ ನಾಟಕ ನೋಡಿದ, ಮುಗಿದ ಮೇಲೆ ಜೋರಾಗಿ ಚಪ್ಪಾಳೆಯನ್ನೂ ತಟ್ಟಿದ.

ಸುಶೀಂದ್ರ ಕಾನೂನು ಓದಿಕೊಂಡು ಬಂದಿದ್ದ. ಶಾಲೆಯಿಂದ ನೂರು ಮೀಟರಿನೊಳಗೆ ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನೂ ಮಾರುವಂತಿಲ್ಲ. ಬಿಡಿಯಾಗಿ ಒಂದೊಂದೇ ಸಿಗರೇಟು ಮಾರುವಂತಿಲ್ಲ. ಇಪ್ಪತ್ತೊಂದು ತುಂಬದವರಿಗೆ ಎಲ್ಲಿಯೂ ಮಾರುವಂತಿಲ್ಲ. ಹೈಸ್ಕೂಲಿನ ಆಟದ ಮಾಸ್ತರರಿಂದ ಅಳತೆಯ ಟೇಪು ತಂದು ಗೇಟಿನಿಂದ ಅಳೆಯಲು ಶುರು ಮಾಡಿದೆವು.

ಗೇಟಿನ ಪಕ್ಕದಲ್ಲೇ ಮುನವ್ವರಾ ಖಾಲಾ ಅವರ ಡಬ್ಬಾ ಅಂಗಡಿ. ನಸೀರಾಳ ಅವ್ವನ ತಂಗಿ ಅವರು. ಪೆನ್ನು, ಪೆಪ್ಪರಮಿಂಟು, ಹುಣಸೆಹಣ್ಣಿನ ಗೋಲಿ, ಜೊತೆಗೆ ಹಲಗೆಯ ಕೆಳಗೆ ಸಿಗರೇಟು. ಟೇಪು ಅಲ್ಲಿ ದಾಟುವಾಗ ನಸೀರಾ ತಲೆ ಎತ್ತಲಿಲ್ಲ.

"ಮೊದಲ ನಾನು ಖಾಲಾಗ ಹೇಳ್ತೇನಿ. ಹೇಳಿದ್ರ ಬಿಡ್ತಾಳ ಆಕಿ," ಎಂದಳು.

"ಕಾಯ್ದೆ ಎಲ್ಲಾರಿಗೂ ಒಂದ," ಎಂದೆ.

"ಒಂದು ವಾರ ತಡಿ ನೀಲಾ."

ನಾನು ತಡೆಯಲಿಲ್ಲ. ತಡೆದು ತಡೆದೇ ಈ ಊರು ಹೀಗಾಗಿದೆ. ಇವತ್ತೇ ತಾಲ್ಲೂಕಿನ ಆರೋಗ್ಯ ಇಲಾಖೆಗೆ ದೂರು ಕಳಿಸಿದೆವು. ಸಹಿ ನನ್ನದು, ಸುಶೀಂದ್ರನದು.

ಟೇಪು ನಮ್ಮ ಓಣಿಯ ಮೂಲೆಯವರೆಗೆ ಬಂತು. ಅಪ್ಪನ ಅಂಗಡಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನೂರು ಮುಗಿಯಿತು. ನನಗೆ ಯಾಕೋ ಹಗುರ ಅನ್ನಿಸಿತು. ಟೇಪು ಸುತ್ತಿಕೊಂಡು ಬೇಗ ಬೇಗ ನಡೆದೆ.

ಜುಲೈ 15, ಮಂಗಳವಾರ

ಬಂದರು. ಜೀಪಿನಲ್ಲಿ ಇಲಾಖೆಯವರು, ಪೊಲೀಸರು, ಹಿಂದೆ ಒಂದು ಟ್ರ್ಯಾಕ್ಟರು. ದಂಡ ಹಾಕಿದರು. ಡಬ್ಬಾ ಅಂಗಡಿ ರಸ್ತೆಯ ಜಾಗದಲ್ಲಿದೆಯೆಂದು ಅದನ್ನೇ ಎತ್ತಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಇದನ್ನು ನಾವು ಕೇಳಿರಲಿಲ್ಲ. ಎತ್ತುವಾಗ ಪೆಪ್ಪರಮಿಂಟಿನ ಬರಣಿ ಬಿದ್ದು ಒಡೆಯಿತು. ಹುಡುಗರು ಗಾಜಿನ ನಡುವಿನಿಂದ ಪೆಪ್ಪರಮಿಂಟು ಆರಿಸಿಕೊಂಡರು.

ಮುನವ್ವರಾ ಖಾಲಾ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಖಾಲಿ ಜಾಗದಲ್ಲಿ ನಿಂತು ನನ್ನನ್ನೇ ನೋಡಿದರು. ನಾನು ಸುಶೀಂದ್ರನ ಜೊತೆ ಏನೋ ಮಾತಾಡುವವಳ ಹಾಗೆ ತಿರುಗಿದೆ. ನಸೀರಾ ಖಾಲಾನ ಕೈ ಹಿಡಿದು ಕರೆದುಕೊಂಡು ಹೋದಳು. ಹಿಂತಿರುಗಿ ನೋಡಲಿಲ್ಲ.

ಗೆದ್ದೆವು. ಹೌದು, ಗೆದ್ದೆವು. ಆದರೂ ಮನೆಗೆ ಬಂದು ಸುಮ್ಮನೆ ಒಳಗೆ ಹೊರಗೆ ಅಡ್ಡಾಡಿದೆ. "ಕಾಲಿಗೆ ಏನ ಕಟ್ಟಿಕೊಂಡೀಯವ್ವ?" ಎಂದಳು ಅವ್ವ.

ಜುಲೈ 18, ಶುಕ್ರವಾರ

ಪೇಪರಿನಲ್ಲಿ ನಮ್ಮ ಸುದ್ದಿ, ನನ್ನ ಫೋಟೋ. ಬೆಂಚಿನಲ್ಲಿ ನಾನೊಬ್ಬಳೇ. ನಸೀರಾ ಹಿಂದಿನ ಸಾಲಿಗೆ ಹೋಗಿದ್ದಾಳೆ.

ಜುಲೈ 28, ಸೋಮವಾರ

ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಸಂಜೆ ಕಾಲೇಜು ಬಿಟ್ಟ ಕೂಡಲೇ ಮನೆಗೆ ಬಂದೆ. ದಿನವೂ ನಾಟಕದ ತಾಲೀಮು ಮುಗಿಸಿ ಕತ್ತಲಾದ ಮೇಲೆ ಬರುವವಳು, ಇವತ್ತು ಯಾರೂ ತಾಲೀಮಿಗೆ ಬರಲಿಲ್ಲವೆಂದು ಬೇಗ ಬಂದೆ. ನಮ್ಮ ಅಂಗಡಿಯ ಮುಂದೆ ಯೂನಿಫಾರ್ಮಿನ ಹುಡುಗರು. ಗಲ್ಲಾದ ಮೇಲೆ ಅವ್ವ ಕುಂತಿದ್ದಳು. ಪಾಕೀಟಿನಿಂದ ಒಂದೊಂದೇ ಸಿಗರೇಟು ತೆಗೆದು ಕೊಡುತ್ತಿದ್ದಳು, ಬೆಂಕಿಪೆಟ್ಟಿಗೆಯನ್ನೂ.

ಟಾಕಿಯ ಹಿಂದಿನ ಆ ಉದ್ದ ಕಾಲಿನ ಹುಡುಗ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಈ ಸಲ ನಗಲೂ ಇಲ್ಲ.

"ಅಕ್ಕಾ, ನಿಮ್ಮಂಗಡಿ ಛಲೋ ಆತು ನೋಡು. ಗೇಟಿನ ಡಬ್ಬಾ ಅಂಗಡಿ ಹತ್ರ ಕುಂದ್ರಾಕ ಜಾಗಾ ಇರಲಿಲ್ಲ."

ಅವನು ಚೇಷ್ಟೆಗೆ ಹೇಳಲಿಲ್ಲ. ಖರೇನೇ ಹೇಳಿದ.

ಅವ್ವನನ್ನು ಒಳಗೆ ಎಳೆದುಕೊಂಡು ಹೋದೆ. "ಅಪ್ಪಗ ಒಯ್ಯತೇನಿ ಅಂತಾರ, ಕೊಡ್ತೇನಿ. ನನಗೇನ ಗೊತ್ತವಾ?" ಎಂದಳು. ಅವಳಿಗೆ ಗೊತ್ತು. ಅಪ್ಪ ಗೋದಾಮಿನಿಂದ ಬಂದವನು ನನ್ನ ಕೂಗಾಟ ಕೇಳಿ ಬಾಗಿಲಲ್ಲೇ ನಿಂತ.

"ಹುಡುಗರಿಗೆ ಮಾರೂದು ತಪ್ಪಪ್ಪಾ!"

"ನೂರು ಮೀಟರ್ ನೀನ ಅಳದೀಯಲ್ಲ? ನಾನು ಅದರ ಆಚೆ ಅದೇನಿ."

"ವಯಸ್ಸಿನ ಕಾಯ್ದೆ ಎಲ್ಲಾ ಕಡೆ ಐತಿ."

"ನಿನ್ನ ಫೀ ಕಟ್ಟಿದ್ದು ಈ ಅಂಗಡೀನ. ಮೈಕು ಹಿಡಕೊಂಡು ಊರೂರು ತಿರಗ್ತೀ, ಆ ಬಸ್ ಚಾರ್ಜು ಎಲ್ಲಿಂದ ಬಂತು?" ಅಪ್ಪ ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ. "ಹೋಗು, ಮಾರಿ ತೊಳಕೊ."

ಬಸ್ ಸ್ಟ್ಯಾಂಡಿನಲ್ಲಿ ಆ ಮನುಷ್ಯ ಯಾಕೆ ನಕ್ಕ ಅಂತ ಈಗ ಗೊತ್ತಾಯಿತು. ನನಗೆ ಮೊದಲೇ ಗೊತ್ತಿರಲಿಲ್ಲವೇ? ನಮ್ಮ ಅಂಗಡಿಯ ಯಾವ ಡಬ್ಬದಲ್ಲಿ ಏನಿದೆ ಅಂತ ಕಣ್ಣು ಮುಚ್ಚಿ ಹೇಳುವವಳು ನಾನು.

ಆಗಸ್ಟ್ 1, ಶುಕ್ರವಾರ

ಸುಶೀಂದ್ರನಿಗೆ ಹೇಳಿದೆ. "ಸವಣೂರು ಮುಗಿಯೂ ತನಕ ಸುಮ್ಮನಿರು" ಎಂದ.

ನಸೀರಾಳ ಹತ್ತಿರ ಹೋದೆ. ನಲ್ಲಿಯ ಹತ್ತಿರ ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಮುಚ್ಚಳ ತಿರುವುತ್ತಲೇ ಕೇಳಿದಳು. "ನನಗ ಗೊತ್ತಿತ್ತು ನೀಲಾ. ಊರಿಗೆಲ್ಲಾ ಗೊತ್ತೈತಿ. ನೂರು ಮೀಟರ್ ದಾಟಿದ ಮ್ಯಾಲೆ ಹೊಗಿ ಸಿಹಿ ಆಗತೈತೇನ?"

ಅವಳು ಹೋದ ಮೇಲೂ ನಲ್ಲಿ ಸೋರುತ್ತಿತ್ತು, ತಿರುವಿ ಬಿಗಿ ಮಾಡಿ ಬಂದೆ.

ಆಗಸ್ಟ್ 11, ಸೋಮವಾರ

ಅಪ್ಪನ ಜೊತೆ ಒಪ್ಪಂದವಾಯಿತು. ಮಾತು ಬಿಟ್ಟು ಇಷ್ಟು ದಿನ ಇದ್ದೆವು. ಇವತ್ತು ಊಟದ ಹೊತ್ತಿಗೆ ನಾನೇ ಶುರು ಮಾಡಿದೆ.

"ಸಾಲಿ ಬಿಟ್ಟ ಮ್ಯಾಲೆ ಗಲ್ಲಾದ ಮ್ಯಾಲೆ ನಾ ಕುಂದರ್ತೇನಿ. ಅವ್ವಗ ಅಡಿಗಿ ಕೆಲಸಕ್ಕ ಅನುಕೂಲ ಆಗತೈತಿ."

ಅಪ್ಪನಿಗೆ ಎಲ್ಲ ತಿಳಿಯಿತು. ರೊಟ್ಟಿ ಮುರಿದು ಬಾಯಿಗಿಟ್ಟು ನಿಧಾನ ಅಗಿದ. "ನೀನು? ಎರಡ ದಿನಕ್ಕ ಎದ್ದು ಓಡ್ತಿ." ಮತ್ತೊಂದು ತುಂಡು ಮುರಿಯುತ್ತಾ, "ಕುಂದ್ರು. ದೊಡ್ಡವರ ವ್ಯಾಪಾರ ಕೆಡಿಸಬ್ಯಾಡ, ಅಷ್ಟ," ಎಂದ.

ಸಂಜೆ ಕುಂತೆ. ದೇವರೇ, ಕೂರುವುದು ಇಷ್ಟು ಕಷ್ಟವೇ! ನೊಣ ಹೊಡೆದೆ, ಬೆಲ್ಲದ ಮೇಲಿನ ಗೋಣಿ ಸರಿ ಮಾಡಿದೆ, ತಕ್ಕಡಿಯ ಬಟ್ಟಲು ಒರೆಸಿದೆ, ಗಡಿಯಾರ ನೋಡಿದೆ. ಹುಡುಗರು ಬಂದರು. ಇಲ್ಲ ಎಂದೆ. ಒಬ್ಬ ಬಯ್ದ, ಒಬ್ಬ "ಅಪ್ಪಗ ಬೇಕು" ಎಂದ. "ಅಪ್ಪನ ಕರಕೊಂಡು ಬಾ" ಎಂದೆ. ನಕ್ಕು ಅಕ್ಕಿ ಮಿಲ್ಲಿನ ಕಡೆ ಹೋದರು. ಅಲ್ಲೂ ಒಂದು ಅಂಗಡಿ ಇದೆ. ಇಲ್ಲಿ ಬಂದ್ ಮಾಡಿದರೆ ಅಲ್ಲಿ. ಹಾಗಾದರೆ ನಾನು ಇಲ್ಲಿ ಕುಂತು ಮಾಡುವುದೇನು?

ನಾಳೆಯೂ ಕುಂದರ್ತೇನಿ. ಅಪ್ಪನ ಮುಂದೆ ಸೋಲುವವಳಲ್ಲ.

ಆಗಸ್ಟ್ 29, ಶುಕ್ರವಾರ

ಉದ್ದ ಕಾಲಿನವನ ಹೆಸರು ರುದ್ರೇಶ. ಚಿಕ್ಕೇರೂರಿನವನು, ಇಲ್ಲಿ ಹಾಸ್ಟೆಲಿನಲ್ಲಿದ್ದಾನೆ.

ಇವತ್ತು ಒಬ್ಬನೇ ಬಂದ. ನಾನು "ಇಲ್ಲ" ಅನ್ನುವ ಮೊದಲೇ "ಸಿಗರೇಟ ಬ್ಯಾಡ, ಶೇಂಗಾ ಕೊಡಕ್ಕಾ" ಎಂದ. ಕಟ್ಟೆಯ ಮೇಲೆ ಕುಂತು ಒಂದೊಂದೇ ಬಿಡಿಸಿ ತಿಂದ. ಬೆರಳು ಸುಮ್ಮನಿರಲಿಲ್ಲ. ಶೇಂಗಾ ಮುಗಿದ ಮೇಲೆ ಸಿಪ್ಪೆಯನ್ನೇ ಪುಡಿ ಮಾಡುತ್ತಾ ಕುಂತ.

ಹಾನಗಲ್ಲಿನಲ್ಲಿ ತಾಲ್ಲೂಕು ಮಟ್ಟದ ಓಟದಲ್ಲಿ ಎರಡನೆಯವನಾಗಿ ಬಂದನಂತೆ. ಜಿಲ್ಲಾ ಮಟ್ಟದ ಓಟ ಹಿರೇಕೆರೂರಿನಲ್ಲಿ. "ಕಡೀ ಸುತ್ತಿನ್ಯಾಗ ಎದಿ ಒಳಗ ಯಾರೋ ಬಾಗಲಾ ಹಾಕಿದಂಗ ಆತಕ್ಕ. ಕಾಲು ಓಡತಾವ, ಉಸರು ಬರೂದಿಲ್ಲ."

"ಹಂಗಾರ ಸೇದೂದು ಬಿಟ್ಟಬಿಡು."

"ನೀ ಬಿಟ್ಟು ನೋಡೀಯೇನು?" ಎಂದ. "ನಾಟಕದಾಗ ಯಮ ಬರ್ತಾನ, ಎಲ್ಲಾರೂ ಬಿಡ್ತಾರ. ನನಗ ಯಮ ಬರೂದಿಲ್ಲ. ಸೇದದಿದ್ರ ಮೂರನೇ ತಾಸಿಗೆ ತಲಿ ನೋಯತೈತಿ, ಮಾಸ್ತರು ಹೇಳಿದ್ದು ಕೇಳಸೂದಿಲ್ಲ, ಅಷ್ಟ."

ಯಾಕೆ ಶುರು ಮಾಡಿದೆ ಅಂತ ಕೇಳಿದೆ. ಹಾಸ್ಟೆಲಿಗೆ ಬಂದ ಹೊಸದರಲ್ಲಿ ಮನೆಯ ನೆನಪಾಗಿ ಅತ್ತನಂತೆ. ದೊಡ್ಡ ಹುಡುಗರು "ಕೂಸು" ಅಂತ ಹೆಸರಿಟ್ಟರಂತೆ. ಸೇದಿದ ದಿನ ಆ ಹೆಸರು ಹೋಯಿತಂತೆ.

ಹೇಳಲು ನನ್ನ ಹತ್ತಿರ ಎಷ್ಟು ಘೋಷಣೆಗಳಿದ್ದವು. ಒಂದೂ ಈ ಹುಡುಗನಿಗೆ ಸರಿಹೊಂದಲಿಲ್ಲ. "ತಲಿ ನೋಯಾಕತ್ತಿದ್ರ ಇಲ್ಲಿ ಬಂದು ಕುಂದ್ರು" ಎಂದೆ. ಗೋಣು ಹಾಕಿ ಹೋದ.

ಸೆಪ್ಟೆಂಬರ್ 5, ಶುಕ್ರವಾರ

ಬರುತ್ತಿದ್ದಾನೆ. ನಿನ್ನೆ ಅವನ ಜೊತೆ ಆ ಧ್ವನಿ ಒಡೆಯದ ಹುಡುಗ ಪರಮೇಶನೂ ಬಂದ. ಕಟ್ಟೆಯ ಮೇಲೆ ಕುಂತು ಸುಳ್ಳು ಸುಳ್ಳು ಕಥೆ ಹೇಳುತ್ತಾರೆ, ಲೆಕ್ಕ ಬರದಿದ್ದರೆ ನನ್ನನ್ನು ಕೇಳುತ್ತಾರೆ. ಪರಮೇಶ ಬೀಜಗಣಿತದಲ್ಲಿ ಚುರುಕು. ಅಪ್ಪ ಗೋದಾಮಿನ ಬಾಗಿಲಿನಿಂದ ನೋಡಿ ಒಳಗೆ ಹೋದ. ಅವ್ವ ಮಂಡಕ್ಕಿ ಒಗ್ಗರಣೆ ಹಾಕಿ ಕಳಿಸಿದಳು.

ಸೆಪ್ಟೆಂಬರ್ 13, ಶನಿವಾರ

ನಿನ್ನೆ ರುದ್ರೇಶ ಬರಲಿಲ್ಲ. ಪರಮೇಶ ಓಡಿ ಬಂದು, ಅಕ್ಕಿ ಮಿಲ್ಲಿನ ಹಿಂದೆ ಒಂದರ ಮೇಲೊಂದು ಸೇದುತ್ತಿದ್ದಾನೆ ಎಂದ. ಹೋದೆ. ನನ್ನನ್ನು ಕಂಡು ಅವನಿಗೆ ಸಿಟ್ಟು ಬಂತು.

"ನಿನಗೇನ ಬೇಕು? ನನ್ನ ಫೋಟೋನೂ ಪೇಪರಿಗೆ ಹಾಕಸ್ತೀಯೇನ?"

ಜೂನ್ ತಿಂಗಳಿನ ನಾನಾಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದೆನೇನೋ, ಅಥವಾ ಭಾಷಣ ಬಿಗಿಯುತ್ತಿದ್ದೆನೇನೋ. ಹೊಟ್ಟಿನ ರಾಶಿಯ ಹತ್ತಿರ ಕಲ್ಲಿನ ಮೇಲೆ ಕುಂತೆ. ಮೂಗಿಗೆ ಧೂಳು ಹೋಗಿ ಸೀನಿದೆ, ಸೀನಿದೆ, ನಿಲ್ಲಲೇ ಇಲ್ಲ. ಕೊನೆಗೆ ಅವನಿಗೇ ನಗು ಬಂತು. ಸಿಗರೇಟು ಕಾಲಡಿ ಹಾಕಿ ಹೊಸಕಿದ. "ನಾಳೆಯಿಂದ ಮತ್ತ ಶುರು ಮಾಡ್ತೇನಿ ಅಕ್ಕ. ಬಿಡೂದನ್ನ," ಎಂದ. ನಾಳೆ ನಾನು ಅಂಗಡಿಯಲ್ಲೇ ಇರುತ್ತೇನೆ ಎಂದೆ.

ಆ ನಾಳೆ ಇವತ್ತು. ಬಂದಿದ್ದ. ಕಿರಿಕಿರಿ ಮಾಡಿಕೊಂಡು ಬಂದಿದ್ದ, ಆದರೂ ಬಂದಿದ್ದ.

ಸವಣೂರಿನ ಮೇಳಕ್ಕೆ ನಾನು ಹೋಗಲಿಲ್ಲ, ಸುಶೀಂದ್ರ ಒಬ್ಬನೇ ಹೋಗಿದ್ದ. ಶಾಲು, ಫಲಕ ತಂದಿದ್ದಾನೆ. ಫಲಕದಲ್ಲಿ ತಿಳಿಗಾಳಿಯ ಗಾಳಿಗೆ ದೀರ್ಘ ಬಿಟ್ಟು ಹೋಗಿದೆ.

ಸೆಪ್ಟೆಂಬರ್ 22, ಸೋಮವಾರ

ಮುನವ್ವರಾ ಖಾಲಾ ಅವರ ಮನೆಗೆ ಹೋಗಿದ್ದೆ. ದಾರಿಯಲ್ಲಿ ಎರಡು ಸಲ ತಿರುಗಿ ಬರಲು ನೋಡಿದೆ. ಬಾಗಿಲು ತೆಗೆದವಳು ನಸೀರಾ. ಬಾಗಿಲು ತೆರೆದಿಟ್ಟೇ ಒಳಗೆ ಹೋದಳು.

ಖಾಲಾ ಹಿಟ್ಟು ಸಾಣಿಸುತ್ತಿದ್ದರು. "ತಪ್ಪಾತ್ರಿ ಖಾಲಾ" ಎಂದೆ.

"ಯಾವುದು ತಪ್ಪಾತು? ಹುಡುಗರಿಗೆ ಸಿಗರೇಟ ಮಾರೂದು ನನ್ನ ತಪ್ಪು. ಅದಕ್ಕ ದಂಡಾ ಕಟ್ಟೇನಿ." ಜರಡಿ ಕೆಳಗಿಟ್ಟರು. "ನೀ ಪೆನ್ನು ಮರೆತು ಬಂದಾಗೆಲ್ಲಾ ನನ್ನ ಹತ್ರ ಓಡಿ ಬರ್ತಿದ್ದಿ. ಪರೀಕ್ಷಾ ದಿನಾನೂ ಬಂದಿದ್ದಿ. ಅಂಥಾಕಿ, ಒಂದು ಮಾತು ನನಗ ಹೇಳಾಕ ಬರಲಿಲ್ಲ ನಿನಗ? ಜೀಪು ಬರೂ ತನಕ?"

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಅದೇ ಸರಿ.

ಅಂಗಡಿ ಮತ್ತೆ ಇಡಲು ಪಟ್ಟಣ ಪಂಚಾಯಿತಿಯನ್ನು ಕೇಳಬೇಕಂತೆ, ಕೇಳುವವರಿಲ್ಲವಂತೆ. ಗೇಟಿನ ಹತ್ತಿರವಲ್ಲದೆ ಕಾಯಿಪಲ್ಲೆ ಮಾರುವವರ ಸಾಲಿನಲ್ಲಿ ಜಾಗ ಕೇಳಬಹುದು. ಪೆನ್ನು, ಪಟ್ಟಿ, ಗಿರಮಿಟ್ಟು ಮಾರಲು. ನಾನು ಬರುತ್ತೇನೆ ಎಂದೆ.

"ಮೈಕು ತರಬ್ಯಾಡ ಮತ್ತ," ಎಂದಳು ನಸೀರಾ.

ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮಾತು.

ಅಕ್ಟೋಬರ್ 10, ಶುಕ್ರವಾರ

ಪಂಚಾಯಿತಿಗೆ ಮತ್ತೆ ಹೋದೆವು. ಸಾಹೇಬರು ಇನ್ನೂ ಬಂದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಖಾಲಾ, ನಸೀರಾ, ನಾನು. ನಸೀರಾ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಸಾಹೇಬರು ಬಂದ ಮೇಲೆ ಜಾಗ ತೋರಿಸಲು ಒಪ್ಪಿದರು. ಬಾಯಿಮಾತು. ಕೈಗೆ ಕಾಗದ ಬರಬೇಕು.

ಅಕ್ಟೋಬರ್ 30, ಗುರುವಾರ

ಮುಂಜಾನೆಯೇ ನಸೀರಾ, ನಾನು ಬಸ್ಸು ಹತ್ತಿ ಹಿರೇಕೆರೂರಿಗೆ ಹೋಗಿದ್ದೆವು. ರುದ್ರೇಶನ ಓಟ. ಚಿಕ್ಕೇರೂರಿನಿಂದ ಅವನ ಅವ್ವನೂ ಬಂದಿದ್ದರು, ಬುತ್ತಿ ಕಟ್ಟಿಕೊಂಡು. ಮಗನ ಸಿಗರೇಟಿನ ಸಂಗತಿ ಅವರಿಗೆ ಗೊತ್ತಿಲ್ಲ. "ಇವರ ನೋಡವ್ವ, ಅಂಗಡಿ ಅಕ್ಕ" ಎಂದು ನನ್ನನ್ನು ಪರಿಚಯಿಸಿದ.

ಮೊದಲ ಸುತ್ತುಗಳಲ್ಲಿ ಮುಂದಿದ್ದ. ಕೊನೆಯ ಸುತ್ತಿನಲ್ಲಿ ಒಬ್ಬೊಬ್ಬರಾಗಿ ದಾಟಿದರು. ಅವನ ಬಾಯಿ ತೆರೆದಿದ್ದು, ಕುತ್ತಿಗೆಯ ನರ ಉಬ್ಬಿದ್ದು ನಮಗೆ ಕಾಣುತ್ತಿತ್ತು. ನಿಲ್ಲಿಸುತ್ತಾನೆ ಅಂದುಕೊಂಡೆ. ನಸೀರಾ ಗಂಟಲು ಹರಿಯುವಂತೆ ಕೂಗಿದಳು. ನಿಲ್ಲಿಸಲಿಲ್ಲ. ಐದನೆಯವನಾಗಿ ಮುಟ್ಟಿದ. ಹುಲ್ಲಿನ ಮೇಲೆ ಬಿದ್ದುಕೊಂಡು, "ಈ ಸಲ ಬಾಗಲಾ ಅರ್ಧ ತಗದಿತ್ತಕ್ಕ," ಎಂದ. ಆಮೇಲೆ ಅವನ ಅವ್ವನ ಬುತ್ತಿಯನ್ನು ನಾವೆಲ್ಲ ತಿಂದೆವು.

ಅಕ್ಕಿಆಲೂರಿಗೆ ಬಂದಾಗ ಅಂಗಡಿಗಳಲ್ಲಿ ದೀಪ ಹಾಕುತ್ತಿದ್ದರು. ನಮ್ಮ ಅಂಗಡಿಯ ಮುಂದೆ ಬೈಕು, ಜೋರು ಮಾತು. ಲಾರಿ ಇಟ್ಟಿರುವ ಮೈಲಾರಲಿಂಗಪ್ಪನವರು. ಅಪ್ಪನ ಹಳೇ ಗಿರಾಕಿ. ಪಕ್ಕದಲ್ಲಿ ಅವರ ಮಗ, ಒಂಬತ್ತನೇ ಕ್ಲಾಸಿನ ಚನ್ನೇಶ, ತಲೆ ತಗ್ಗಿಸಿ ನಿಂತಿದ್ದ. ನಾನು ಎದುರಿನ ಮನೆಯ ಕಟ್ಟೆಯ ಹತ್ತಿರವೇ ನಿಂತುಬಿಟ್ಟೆ.

"ನನಗ ಸಿಗರೇಟ ತರಾಕ ಕಳಿಸಿದ್ದೆ ನಾಗಪ್ಪ. ನನ್ನ ಮಗನ್ನ ಬರಿಗೈಲೆ ಕಳಸೂದಂದ್ರೇನ?"

"ನಿಮಗ ಬೇಕಾದ್ರ ನೀವ ಬರ್ರಿ. ಹುಡುಗರ ಕೈಯಾಗ ನಾ ಕೊಡೂದಿಲ್ಲ."

"ಇಷ್ಟು ವರ್ಷ ಕೊಟ್ಟೀಯಲ್ಲ!"

"ಕೊಟ್ಟೇನ್ರಿ. ಇನ್ನ ಇಲ್ಲ."

"ಮಗಳು ಕಲಿಸ್ಯಾಳೇನ?" ಮೈಲಾರಲಿಂಗಪ್ಪನವರು ನಕ್ಕರು.

"ಮಗಳು ಇವತ್ತ ಊರಾಗಿಲ್ಲ," ಎಂದ ಅಪ್ಪ. "ನಾನ ಹೇಳಾಕತ್ತೇನಿ."

ಬೈಕು ಹೋಯಿತು. ಚನ್ನೇಶ ಹಿಂದೆ ಕುಂತು ಅಂಗಡಿಯ ಕಡೆಗೇ ನೋಡುತ್ತಿದ್ದ. ಮೈಲಾರಲಿಂಗಪ್ಪನವರು ಇನ್ನು ನಮ್ಮಲ್ಲಿಗೆ ಬರುತ್ತಾರೋ ಇಲ್ಲವೋ. ಅಪ್ಪ ಸಕ್ಕರೆ ಚೀಲದ ಹಗ್ಗ ಬಿಚ್ಚತೊಡಗಿದ. ನಾನು ಈಗಷ್ಟೇ ಬಂದವಳ ಹಾಗೆ ಒಳಗೆ ಹೋಗಿ ಚೀಲದ ಬಾಯಿ ಹಿಡಿದೆ. ಅಪ್ಪ ಡಬ್ಬಕ್ಕೆ ಸುರಿದ.

"ಓಡಿದನೇನ ಆ ಹುಡುಗ?"

"ಓಡಿದ. ಐದನೇದು ಬಂದ."

"ಊಂ." ಡಬ್ಬದ ಅಂಚಿನ ಸಕ್ಕರೆಯನ್ನು ಅಂಗೈಯಿಂದ ಒಳಗೆ ಸವರಿದ. ದಿನವೂ ನಮ್ಮ ಕಟ್ಟೆಯ ಮೇಲೆ ಕೂರುವ ಹುಡುಗ, ಅದಕ್ಕೂ ಮೊದಲು ದಿನವೂ ನಮ್ಮಲ್ಲೇ ಕೊಂಡು ಸೇದುತ್ತಿದ್ದ ಹುಡುಗ.

"ಹೆಸರೇನ ಅವಂದು?" ಅಪ್ಪ ಕೇಳಿದ.

ಹೇಳಿದೆ.